ಯಾರದೂ ಅಲ್ಲದ ನೀಲಿ ಬಾನಿ

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬರುವ ಮೊದಲು, ಬಟ್ಟೆಗೆ ನೀಲಿ ಹಾಕುವ ಸಂಕವ್ವ ಅಂತ ಒಬ್ಬಳಿದ್ದಳಂತೆ. ಅವಳ ಹಿತ್ತಿಲಲ್ಲಿ ಕುತ್ತಿಗೆವರೆಗೂ ನೆಲದಲ್ಲಿ ಹೂತ ಒಂದು ದೊಡ್ಡ ಮಣ್ಣಿನ ಬಾನಿ, ಅದರೊಳಗೆ ಅವಳ ಅತ್ತೆಯ ಅತ್ತೆ ಹುದುಗು ಹಾಕಿದ ನೀಲಿ ನೀರು. ಆ ನೀರಿಗೆ ಜೀವ ಇತ್ತಂತೆ ಕಂದಾ. ದಿನಾ ಒಂದಿಷ್ಟು ಸುಣ್ಣ, ತಗಚೆ ಬೀಜ ಬೇಯಿಸಿದ ಗಂಜಿ ಉಣ್ಣಿಸಬೇಕು, ಕದಡಬೇಕು, ನಡುನಡುವೆ ಮಲಗಲು ಬಿಡಬೇಕು. ಹಾಗೆ ಸಾಕಿದರೆ ಅದ್ದಿದ ಬಟ್ಟೆ ಹಸಿರಾಗಿ ಮೇಲೆ ಬಂದು, ಗಾಳಿ ತಾಗಿದ್ದೇ ತಡ ನೀಲಿಯಾಗುತ್ತಿತ್ತಂತೆ.

ಸಂಕವ್ವನಿಗೆ ಮೂವರು ಗಂಡುಮಕ್ಕಳು. ವಯಸ್ಸಾದ ಮೇಲೆ ಅವಳಿಗೆ ಒಂದೇ ಚಿಂತೆಯಂತೆ, ತಾನು ಹೋದಮೇಲೆ ಬಾನಿ ಬದುಕುತ್ತೋ ಇಲ್ಲವೋ ಅಂತ. ನೋಡೇಬಿಡೋಣ ಅಂದುಕೊಂಡು ಒಬ್ಬೊಬ್ಬನ ಕೈಗೆ ಒಂದೊಂದು ತಿಂಗಳು ಕೊಟ್ಟಳಂತೆ.

ದೊಡ್ಡವ ಬೆಳಗಿಂದ ಬೈಗಿನವರೆಗೆ ಅದ್ದಿದ್ದೇ ಅದ್ದಿದ್ದು, ಗಂಜಿ ಹಾಕಲು ಪುರುಸೊತ್ತಿಲ್ಲ, ಬಾನಿ ಸೊರಗಿ ಅಕ್ಕಿ ತೊಳೆದ ನೀರಿನ ಹಾಗಾಯಿತಂತೆ. ಆಮೇಲೆ ನಡುವಿನವ, ಎಲ್ಲಿ ಖರ್ಚಾಗಿಬಿಡುತ್ತೋ ಅಂತ ಬಾನಿಯ ಬಾಯಿ ಬಿಗಿದು, ಕಲ್ಲು ಹೇರಿ, ಪಕ್ಕದಲ್ಲೇ ಕಾವಲು ಕೂತನಂತೆ. ಕದಡದೆ ನೀರು ನಾತ ಹೊಡೆದಾಗ ಮೊದಲು ಮೂಗು ಹಿಡಿದು ಓಡಿದವನೂ ಅವನೇ ಅಂತೆ. ಆಮೇಲೆ ಚಿಕ್ಕವ, ಜಗಳವೇ ಬೇಡ ಅಂತ ನೀರನ್ನು ಮೂರು ಮಡಕೆಗೆ ಸಮನಾಗಿ ಹಂಚಿಬಿಟ್ಟನಂತೆ. ಮೂರೇ ದಿನಕ್ಕೆ ಮೂರು ಮಡಕೆಯೂ ತಣ್ಣಗಾದವು. ಹಸುವನ್ನ ಮೂರು ಪಾಲು ಮಾಡಿದರೆ ಯಾವ ಪಾಲು ಹಾಲು ಕೊಡುತ್ತಪ್ಪಾ ಅಂದಳಂತೆ ಸಂಕವ್ವ. ಮಡಕೆಯ ನೀರನ್ನ ಮತ್ತೆ ಬಾನಿಗೇ ಸುರಿದಳಂತೆ. ಮೂರು ಸಲವೂ ಅವಳೇ ಹುಲ್ಲು ಹೊದಿಸಿ, ಬಾಣಂತಿಗೆ ಮಾಡಿದ ಹಾಗೆ ಆರೈಕೆ ಮಾಡಿ ಬಾನಿಯನ್ನ ಉಳಿಸಿಕೊಂಡಳಂತೆ.

ಆಮೇಲೆ ಊರಿನ ಐದು ಜನ ಹಿರಿಯರನ್ನ ಕರೆಸಿ ಹೇಳಿದಳಂತೆ: ಇವತ್ತಿಂದ ಈ ಬಾನಿ ನನ್ನದಲ್ಲ, ಇವರದೂ ಅಲ್ಲ. ಕಾಯೋಳು ಪಕ್ಕದ ಮನೆ ಕೌದಿ ಹೊಲಿಯೋ ಹೊನ್ನವ್ವ, ಅವಳಿಗೆ ವರ್ಷಕ್ಕೆ ಎರಡು ಸೀರೆ. ಬಂದ ಫಲ ಮೂವರ ಮಕ್ಕಳು ಮರಿಗೆ, ಇನ್ನೂ ಹುಟ್ಟದೋರಿಗೂ. ಮೊದಲು ಬಾನಿಗೆ ಗಂಜಿ, ಆಮೇಲೆ ಬಟ್ಟೆ. ಸೋಮವಾರ ಬಾನಿಗೆ ಬಿಡುವು. ಹೊನ್ನವ್ವ ತಪ್ಪಿದರೆ ಅವಳನ್ನ ಇಳಿಸಿ ಬೇರೆಯವರನ್ನ ಕೂರಿಸೋದು ನಿಮ್ಮ ಕೆಲಸ.

ದೊಡ್ಡವನಿಗೆ ರೇಗಿತು. ನಮ್ಮ ಮನೆ ಆಸ್ತಿ ಕೌದಿ ಹೊಲಿಯೋಳ ಕೈಗಾ ಅವ್ವಾ ಅಂದನಂತೆ. ಅದು ತನ್ನದಲ್ಲ ಅಂತ ಅವಳಿಗೆ ಗೊತ್ತು ಮಗಾ, ನೀವು ನಿಮ್ಮದು ಅಂದುಕೊಂಡಿರಿ, ಅದಕ್ಕೇ ಹೀಗಾಯಿತು ಅಂದಳಂತೆ ಸಂಕವ್ವ.

ವರ್ಷ ಕಳೆಯಿತು. ಮೂವರ ಮನೆಗೂ ಪಾಲು ಸರಿಯಾಗಿ ಬರುತ್ತಿತ್ತು. ಆಮೇಲೆ ಒಂದು ಸೋಮವಾರ ಚಿಕ್ಕವನಿಗೆ ಹೆಣ್ಣು ಹುಟ್ಟಿತಂತೆ. ಸಂಕವ್ವ ಕೂಸಿನ ತಲೆಗೆ ಹಾಕೋ ಬಿಳಿ ಕುಲಾವಿ ಹಿಡಿದುಕೊಂಡು ಹೊನ್ನವ್ವನ ಹತ್ತಿರ ಬಂದು, ಇದೊಂದು ಅದ್ದಿಕೊಡೇ ಅಂದಳಂತೆ.

ಇವತ್ತು ಸೋಮವಾರ ಅಕ್ಕಾ, ನಾಳೆ ಬಾ ಅಂದಳಂತೆ ಹೊನ್ನವ್ವ.

ಸೋಮವಾರ ಬಿಡುವು ಅಂದೋಳೇ ನಾನು ಕಣೇ.

ಹೌದಲ್ಲ, ಅದಕ್ಕೇ ಇನ್ನೂ ಗಟ್ಟಿಯಾಗಿ ಹಿಡಿದಿದ್ದೀನಿ.

ಅಂಗೈಯಗಲದ ಬಟ್ಟೆ, ಬಾನಿಗೆ ಗೊತ್ತೂ ಆಗಲ್ಲ ಅಂದಳಂತೆ ಸಂಕವ್ವ. ನನಗೆ ಗೊತ್ತಾಗುತ್ತಲ್ಲ ಅಂತ ಹೊನ್ನವ್ವ ಕುಲಾವಿ ಮಡಚಿ ಅವಳ ಕೈಗೇ ವಾಪಸ್ ಇಟ್ಟಳಂತೆ. ಸಂಕವ್ವ ಮುಖ ಊದಿಸಿಕೊಂಡು ನಾಲ್ಕು ಹೆಜ್ಜೆ ನಡೆದಳು, ಐದನೇ ಹೆಜ್ಜೆಗೆ ನಗು ಬಂತು. ನಗುತ್ತಲೇ ಮನೆಗೆ ಹೋಗಿ, ನನಗೇ ಇಲ್ಲ ಅಂದಳು ಕಣ್ರೋ, ಇನ್ನು ನಾನು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಬಡಿಸ್ರಿ ಊಟಕ್ಕೆ ಅಂದಳಂತೆ.

ಮಂಗಳವಾರ ಕೂಸಿನ ತಲೆ ಮೇಲೆ ನೀಲಿ ಕುಲಾವಿ. ಆ ಕೂಸಿನ ಮೊಮ್ಮಕ್ಕಳೂ ಅದೇ ಬಾನಿಯ ಫಲ ಉಂಡು ತಣ್ಣಗಿದ್ದರಂತೆ. ಅಲ್ಲಿಗೆ ಅವರ ಕತೆ ಮುಗೀತು, ಇಲ್ಲಿ ನಿನ್ನ ಕಣ್ಣೂ ಮುಚ್ಚಿತು.