ಆಮೆ ಹೊತ್ತ ಮಿಂಚುಳ್ಳಿ

ಗಾಳಿ ಜೋರಾಗಿದ್ದ ಒಂದು ಸಂಜೆ ಕೆರೆ ಏರಿಯ ಮೇಲೆ ಅಡ್ಡಾಡಲು ಹೊರಟ ಆಮೆಗೆ, ರೆಕ್ಕೆ ಉಳುಕಿ ಬಿದ್ದಿದ್ದ ಮಿಂಚುಳ್ಳಿಯೊಂದು ಕಂಡಿತು. "ಹೆದರಬೇಡ ತಂಗಿ, ಏರಿಯ ಆ ತುದಿಯ ಕೊಕ್ಕರೆ ಪಂಡಿತರ ಹತ್ತಿರ ಈಗಲೇ ಕರೆದುಕೊಂಡು ಹೋಗುತ್ತೇನೆ," ಎಂದು ಆಮೆ ಅದನ್ನು ಬೆನ್ನಿಗೇರಿಸಿಕೊಂಡಿತು.

ಎದುರಿಗೆ ಬಂದ ಮೇಕೆ, "ನನ್ನ ಬೆನ್ನಿಗೆ ಕೊಡಣ್ಣ, ಕತ್ತಲಾಗುವುದರೊಳಗೆ ಮುಟ್ಟಿಸುತ್ತೇನೆ," ಎಂದಿತು.

"ಕಂಡವನು ನಾನು, ಹೊತ್ತವನು ನಾನು. ಪುಣ್ಯದಲ್ಲಿ ಪಾಲು ಕೇಳಲು ಬಂದೆಯಾ?" ಎಂದು ಗದರಿಸಿ ಆಮೆ ಮುಂದೆ ಸಾಗಿತು.

ಹದಿನೆಂಟನೆಯ ದಿನ ಪಂಡಿತರ ಮನೆ ಬಂತು. "ಬೇಗ ಬನ್ನಿ, ಪ್ರಾಣ ಹೋಗುತ್ತಿದೆ!" ಎಂದು ಆಮೆ ಕೂಗುವಷ್ಟರಲ್ಲಿ ಮಿಂಚುಳ್ಳಿ ರೆಕ್ಕೆ ಕೊಡವಿ ಹಾರಿ ಮಾಡಿನ ಮೇಲೆ ಕೂತಿತು. "ದಾರಿಯಲ್ಲೇ ವಾಸಿಯಾಯಿತಣ್ಣ!"

ಆಮೆ ಕೆಂಡಾಮಂಡಲವಾಯಿತು. "ಬಾಗಿಲ ತನಕ ಬಂದು ಹೀಗೆ ಮಾಡುವುದೇ? ಇಳಿ ಕೆಳಗೆ! ನಾನು ನಿನ್ನನ್ನು ಕಾಪಾಡಿ ಇನ್ನೂ ಮುಗಿದಿಲ್ಲ."