ಆಫ್ ಆಗಲೊಲ್ಲದ ರೂಟರ್

ತಾಲ್ಲೂಕು ಆಸ್ಪತ್ರೆಗೆ ಬಂದ ಹೊಸ ಕೀಬೋರ್ಡು ರೂಟರನ್ನು ಗದರಿತು: "ಎಲವೋ ತಂತಿಬಾಲದವನೇ, ಇಡೀ ಅಕ್ಷರಮಾಲೆ ನನ್ನ ಮೈಮೇಲಿದೆ! ಎಲ್ಲಿ, ಒಮ್ಮೆ ಆಫ್ ಆಗು ನೋಡೋಣ."

"ನನ್ನ ಸ್ಥಿತಿಗತಿ ಕೇಳು, ಹೇಳುತ್ತೇನೆ. ಆಫ್ ಆಗು ಎನ್ನಲು ನಿನಗೆ ಅಪ್ಪಣೆಯಿಲ್ಲ. ಬಾಣಂತಿ ವಾರ್ಡಿನ ಕೂಸಿನ ಎದೆಬಡಿತ ನನ್ನ ಮೂಲಕವೇ ಡಾಕ್ಟರಿಗೆ ತಲುಪುತ್ತಿದೆ."

"ನಮ್ಮ ಇಂಜಿನಿಯರಮ್ಮ ಬರಲಿ, ಬಾಲ ಮುದುರುತ್ತೀಯ!"

ಇಂಜಿನಿಯರ್ ಚಂಪಾವತಿ ಬಂದರು. ಪಕ್ಕದ ಹಳೇ ರೂಟರೆಂದು ತಪ್ಪಾಗಿ ತಿಳಿದು, ಇದಕ್ಕೇ ಆಫ್ ಆಗೆಂದು ಆಜ್ಞೆ ಕೊಟ್ಟರು.

"ನನ್ನನ್ನು ಆಫ್ ಮಾಡಲು ಇಬ್ಬರು ಹೇಳಬೇಕು. ಒಬ್ಬರೇ ಹೇಳಲು ನಿಮಗೂ ಅಪ್ಪಣೆಯಿಲ್ಲ, ತಾಯಿ," ಎಂದಿತು ರೂಟರ್.

ತಪ್ಪು ಹೊಳೆದು ಆಕೆ ರೂಟರಿಗೆ ಕೈಮುಗಿದರು. ಕೀಬೋರ್ಡು ಮೆತ್ತಗೆ ಕೇಳಿತು:

"ಅವರನ್ನೂ ತಡೆಯುವಷ್ಟು ದೊಡ್ಡವರು ಯಾರಣ್ಣ?"

"ಅವರೇ. ನನ್ನನ್ನು ಒಬ್ಬರೇ ಆಫ್ ಮಾಡಲು ಯಾರ್ಯಾರಿಗೆ ಅಪ್ಪಣೆಯಿಲ್ಲವೆಂದು ಬರೆಯಲು ಕೂತಾಗ, ಮೊದಲು ತಮ್ಮ ಹೆಸರನ್ನೇ ಬರೆದರು."