ಸುಂಕಪ್ಪನೂ ನಡುವಿನವ್ವನೂ

ಯಾವ ಕಾಲ ಅಂತ ಕೇಳಬ್ಯಾಡ್ರಪ್ಪಾ. ಕಾಲ ಗೊತ್ತಿದ್ದವರೆಲ್ಲ ಮಣ್ಣಾದರು, ಕತೆ ಗೊತ್ತಿದ್ದವನು ನಾನೊಬ್ಬ ಉಳಿದಿದ್ದೀನಿ. ಬಹಳ ಹಿಂದೆ, ಕಲ್ಲೇ ಬೆಳೆಯೋ ಸೀಮೆಯಲ್ಲಿ, ಒಣಗಲ್ಲು ಅಂತ ಒಂದೂರು. ಆ ಊರಲ್ಲಿ ಬಾವಿ ತೋಡೋ ಸುಂಕಪ್ಪ ಅಂತ ಒಬ್ಬ ಇದ್ದ. ಅವನು ನೆಲಕ್ಕೆ ಕಿವಿ ಇಟ್ಟರೆ ಪಾತಾಳದ ನೀರು ಗಂಟಲು ಸರಿಮಾಡಿಕೊಳ್ಳೋದು ಕೇಳುತ್ತಿತ್ತು ಅಂತಾರೆ.

ಒಣಗಲ್ಲಿನ ಕಣದಲ್ಲಿ ಎರಡು ಜಾಲಿಗೂಟ ನೆಟ್ಟು, ಹಳೆ ಮೀನುಬಲೆ ಕಟ್ಟಿ, ಆರು ಜನ ವಾಲಿಬಾಲ್ ಆಡೋರು. ಆಡೋರು ಅಂದರೆ ಸೋಲೋರು. ಆಚೆ ಊರಿನ ಮಾರೆಪ್ಪನ ಸರ್ವಿಸ್ ಅಂದರೆ ಅವರಿಗೆ ಬಲು ಹೆದರಿಕೆ. ಚೆಂಡಿಗಿಂತ ಮೊದಲು ಅದರ ಗಾಳಿ ಬಂದು ಕೆನ್ನೆಗೆ ಬಡಿಯುತ್ತಿತ್ತಂತೆ. ಒಂದು ಸಲ ಎದೆಗೆ ತಾಗಿಸಿಕೊಂಡವನು ಸಾಯೋತನಕ ತೊದಲಿದನಂತೆ. ಸುಳ್ಳು ಅನ್ನೋರಿದ್ದಾರೆ. ಆ ತೊದಲನನ್ನು ನಾನು ಕಂಡಿದ್ದೀನಿ, ಅವರು ಕಂಡಿಲ್ಲ.

ಮಾರೆಪ್ಪ ಕೈ ಎತ್ತಿದರೆ ಸಾಕು, ಆರೂ ಜನ ಒಬ್ಬರ ಮುಖ ಒಬ್ಬರು ನೋಡೋರು. ಅವನು ಎತ್ತುತ್ತಾನೆ ಅಂತ ಇವನು, ಇವನು ಎತ್ತುತ್ತಾನೆ ಅಂತ ಅವನು. ಚೆಂಡು ಇಬ್ಬರ ನಡುವೆ ದೊಪ್ ಅಂತ ಬೀಳೋದು. ಊರೆಲ್ಲ ನಗೋದು. ಸುಂಕಪ್ಪ ಒಬ್ಬ ನಗುತ್ತಿರಲಿಲ್ಲ. ಚೆಂಡು ಹಾಗೆ ಬಿದ್ದಾಗಲೆಲ್ಲ ಅವನ ಮೈ ಬೆವರೋದು.

ಯಾಕೆ ಅಂತೀರಾ? ಬಾವಿ ತೋಡುವಾಗ ಗೋಡೆಗೆ ಒಂದರ ಮೇಲೊಂದು ಮೆಟ್ಟಿಲು ಬಿಟ್ಟು, ಮೆಟ್ಟಿಲಿಗೊಬ್ಬ ನಿಂತು, ಕಲ್ಲಿನ ಬುಟ್ಟಿಯನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಾರೆ. ಒಂದು ದಿನ ಮೇಲಿನವನು ಹಿಡಿದ ಅಂದುಕೊಂಡು ಸುಂಕಪ್ಪ ಕೈ ಬಿಟ್ಟ. ಮೇಲಿನವನು ಹಿಡಿದಿರಲಿಲ್ಲ. ಇಬ್ಬರೂ ಮಾತಾಡಿರಲಿಲ್ಲ. ಬುಟ್ಟಿ ಹೋಗಿ ತಳದಲ್ಲಿದ್ದ ಸುಂಕಪ್ಪನ ಸ್ವಂತ ತಮ್ಮನ ನೆತ್ತಿ ಮೇಲೆ ಬಿತ್ತು.

ಅವತ್ತು ಒಬ್ಬಳನ್ನು ಕಂಡೆ ಅಂತ ಸುಂಕಪ್ಪ ಅನ್ನುತ್ತಿದ್ದನಂತೆ. ಇಬ್ಬರು ನಿಂತ ಕಡೆಯೆಲ್ಲ ಅವರ ನಡುವೆ ಅವಳು ಸೆರಗೊಡ್ಡಿ ಕೂತಿರುತ್ತಾಳಂತೆ. ಯಾರೂ ತನ್ನದು ಅನ್ನದೇ ಇದ್ದದ್ದೆಲ್ಲ ಅವಳ ಸೆರಗಿಗೆ. ನಡುವಿನವ್ವ ಅಂತ ಅವಳಿಗೆ ಅವನೇ ಹೆಸರಿಟ್ಟ.

ಒಂದು ದಿನ ಸುಂಕಪ್ಪ ಕಣಕ್ಕೆ ಬಂದು, ನಾನು ಕಲಿಸ್ತೀನಿ ಅಂದ. ಆರೂ ಜನ ನಕ್ಕರು. ಅವನು ಮುಂಗೈ ಎರಡೂ ಜೋಡಿಸಿ, ಮೊಣಕಾಲು ಬಗ್ಗಿಸಿ ನಿಂತ. ಅವರು ಹೊಡೆದ ಚೆಂಡೆಲ್ಲ ಆ ಮುಂಗೈ ಮೇಲೆ ಪಾರಿವಾಳದ ಹಾಗೆ ಕೂತು, ಅವನು ಹೇಳಿದ ಜಾಗಕ್ಕೆ ಹಾರಿಹೋಯಿತು ಅಂತಾರೆ. ಆಮೇಲೆ ಯಾರೂ ನಗಲಿಲ್ಲ.

ಬಂದ ಚೆಂಡನ್ನು ಹೊಡೆಯಬಾರದು, ಕೂರೋಕೆ ಮಣೆ ಹಾಕಬೇಕು ಅಂತ ಕಲಿಸಿದ. ಎದುರಿನವನ ಕೈ ನೋಡಬೇಡಿ, ಹೆಗಲು ನೋಡಿ, ಹೆಗಲಿಗೆ ಸುಳ್ಳು ಹೇಳೋಕೆ ಬರೋದಿಲ್ಲ ಅಂದ. ಮೊದಲು ಕಾಲು ಹೋಗಲಿ, ಕೈ ಆಮೇಲೆ ಅಂದ. ಎಲ್ಲಕ್ಕಿಂತ ಮೇಲಿನ ಮಾತು, ಚೆಂಡು ಬಲೆ ದಾಟೋದರೊಳಗೆ ಎತ್ತುವವನು 'ನಂದು' ಅಂತ ಕೂಗಬೇಕು. ಕೂಗದವನು ಮರುದಿನ ಸುಂಕಪ್ಪ ತೋಡುತ್ತಿದ್ದ ಬಾವಿಯ ತಳದಲ್ಲಿ ನಿಲ್ಲಬೇಕು. ಉಳಿದ ಐವರು ಮೆಟ್ಟಿಲ ಮೇಲೆ ನಿಂತು, ಅವನ ತಲೆಯ ಮೇಲೆ ಕಲ್ಲಿನ ಬುಟ್ಟಿ ದಾಟಿಸಬೇಕು. ಒಂದು ದಿನ ನಿಂತು ಬಂದವನ ಕೂಗು ಮೂರು ಹೊಲದಾಚೆ ಕೇಳುತ್ತಿತ್ತಂತೆ.

ಈರಣ್ಣ ಅಂತ ಒಬ್ಬ ಮಾತ್ರ ಕೂಗಲಿಲ್ಲ. ಆರು ಜನರಲ್ಲಿ ಅವನೇ ಚೆಲುವ, ಅವನೇ ಜಂಬದವನು.

"ನಾನೇನು ಪೆಪ್ಪರಮೆಂಟಿಗೆ ಅಳೋ ಕೂಸಾ ಸುಂಕಣ್ಣ, ನಂದು ನಂದು ಅನ್ನಾಕೆ?" ಅಂದ.

ಸುಂಕಪ್ಪ ಬಾವಿ ಕಡೆ ಕೈ ತೋರಿಸಿದ.

ಮರುದಿನ ಈರಣ್ಣ ಶಿಳ್ಳೆ ಹಾಕುತ್ತಾ ಇಳಿದ. ಸುಡುಸುಡು ಮಧ್ಯಾಹ್ನ. ಸ್ವಲ್ಪ ಹೊತ್ತಿಗೆ ಶಿಳ್ಳೆ ನಿಂತಿತು. ಆಮೇಲೆ ಬಾವಿಯ ಒಂದು ಪಕ್ಕ ಜಾರಿದ ಸದ್ದು ಬಂತು. ಧೂಳು ಇಳಿದ ಮೇಲೆ ನೋಡಿದರೆ, ಈರಣ್ಣ ಸೊಂಟದ ತನಕ ಕಲ್ಲಿನಲ್ಲಿ ಹೂತಿದ್ದ. ಮೂರು ತಿಂಗಳಿಂದ ಬಾರದ ನೀರು ಅವತ್ತೇ ಬಂತು.

ಕಲ್ಲು ತೆಗೆಯದೆ ಅವನು ಏಳಲಾರ. ಹಗ್ಗ ಇಳಿಸಿ ಎಳೆಯೋಣ ಅಂದರೆ, ಹಗ್ಗ ತಾಗಿದರೆ ಉಳಿದ ಗೋಡೆಯೂ ಬೀಳೋ ಹಾಗಿತ್ತು. ಸುಂಕಪ್ಪ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಿಗೆ ಇಳಿದ. ಐದು ಜನ ಅವನ ಮೇಲೆ ಒಬ್ಬೊಬ್ಬರಾಗಿ ನಿಂತರು. ಅವನು ಬಗ್ಗಿ ಕಲ್ಲು ಕಿತ್ತು ಕೊಡೋದು, ಅವರು ದಾಟಿಸೋದು. ಒಂದು ಕಲ್ಲು ಜಾರಿದರೆ ಈರಣ್ಣನ ತಲೆ ಇಲ್ಲ. ದಂಡೆ ಮೇಲಿನ ಜನಕ್ಕೆ ಬಾವಿಯೊಳಗಿಂದ ಒಂದೇ ಮಾತು ಕೇಳುತ್ತಿತ್ತು. ನಂದು. ನಂದು. ನಂದು. ಕಲ್ಲಿಗೆ ಐದು ಕೂಗು. ಈರಣ್ಣನ ತಾಯಿ ಬೆರಳು ಮಡಚುತ್ತಾ ಕೂತಿದ್ದಳು, ಐದನೆಯ ಕೂಗು ಬರೋತನಕ ಉಸಿರು ಬಿಡುತ್ತಿರಲಿಲ್ಲ. ನೀರು ಎದೆಗೆ ಬಂತು. ಕೊರಳಿಗೆ ಬಂತು.

ಕೊನೆಯ ಕಲ್ಲು ಹೋರಿಯ ತಲೆಯಷ್ಟಿತ್ತು ಅಂತಾರೆ. ನಾನು ಹೇಳ್ತೀನಿ, ಹೋರಿಯಷ್ಟಿತ್ತು. ಸುಂಕಪ್ಪ ಅದನ್ನು ಎರಡೂ ಮುಂಗೈ ಮೇಲೆ ಎತ್ತಿ ಮೇಲಕ್ಕೊಡ್ಡಿದ. ಕೂಗು ಬರಲಿಲ್ಲ.

ಅವನಿಗೆ ಸರಿಯಾಗಿ ಮೇಲಿನ ಮೆಟ್ಟಿಲಲ್ಲಿದ್ದವನು ಕಂಬಣ್ಣ. ಅವನ ಕೈ ಕಲ್ಲಿನ ಮೇಲೇ ಇತ್ತು, ಆದರೆ ಹೆದರಿಕೆಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹಿಡಿದಿದ್ದಾನೆ ಬಿಡು, ಬಿಡು ಅಂತ ದಂಡೆಯಿಂದ ಜನ ಕೂಗಿಕೊಂಡರು. ಸುಂಕಪ್ಪ ಬಿಡಲಿಲ್ಲ. ತಮ್ಮ ಸತ್ತ ದಿನವೂ ಹಿಡಿದಿದ್ದಾನೆ ಅಂತಲೇ ಅಂದುಕೊಂಡಿದ್ದ. ಅವನ ಉಗುರಿನ ಬುಡದಲ್ಲಿ ರಕ್ತ ಬಂತು. ಆ ಇಬ್ಬರ ನಡುವೆ, ಕಲ್ಲಿನ ಕೆಳಗೆ, ಒಬ್ಬಳು ಸೆರಗೊಡ್ಡಿ ಕೂತಿದ್ದನ್ನು ಈರಣ್ಣ ಕಂಡನಂತೆ. ಅವಳಿಗೆ ಅವಸರವೇ ಇರಲಿಲ್ಲ ಅಂತ ಸಾಯೋತನಕ ಹೇಳುತ್ತಿದ್ದ.

ನೀರು ಬಾಯಿಗೆ ನುಗ್ಗಿತು. ಈರಣ್ಣ ಅದನ್ನು ಉಗಿದು, "ಕಂಬಾ, ಅನ್ನೋ ಮಾರಾಯ," ಅಂದ.

ಎಲೆ ಅಲುಗಿದಷ್ಟು ಸಣ್ಣ ದನಿಯಲ್ಲಿ ಕಂಬಣ್ಣ "ನಂದು" ಅಂದ.

ಆಗ ಸುಂಕಪ್ಪ ಬಿಟ್ಟ.

ಈರಣ್ಣ ಬದುಕಿದ. ಸುಂಕಪ್ಪನ ತೋಳು ಮಾತ್ರ ಮತ್ತೆ ಬಿಚ್ಚಲಿಲ್ಲ. ಜೋಡಿಸಿದ ಮುಂಗೈ ಜೋಡಿಸಿದ ಹಾಗೇ ಉಳಿಯಿತು. ಈರಣ್ಣನ ತಾಯಿಯೇ ಅವನಿಗೆ ತುತ್ತು ಇಡುತ್ತಿದ್ದಳಂತೆ. ಹೆತ್ತವರು ಕೂಸು ತಂದು ಮೊದಲು ಆ ತೋಳ ಮೇಲೆ ಮಲಗಿಸುತ್ತಿದ್ದರಂತೆ.

ಅದಾದ ಮೇಲಿನ ಆಟದಲ್ಲಿ ಮಾರೆಪ್ಪನ ಒಂದು ಸರ್ವಿಸೂ ಒಣಗಲ್ಲಿನ ನೆಲ ಮುಟ್ಟಲಿಲ್ಲ. ಎಂಟನೆಯದಕ್ಕೆ ಅವನು ಚೆಂಡು ಕೆಳಗಿಟ್ಟು ಹೊರಟುಹೋದ. ಆಚೆ ನಿಂತವರು ಆರು ಜನ, ನನಗೆ ಏಳು ದನಿ ಕೇಳ್ತಾವೆ, ಏಳನೇದು ಹೆಂಗಸಿನ ದನಿ ಅಂದನಂತೆ. ಒಣಗಲ್ಲಿನವರು ಇದನ್ನು ಕೇಳಿ ಗೆದ್ದ ಖುಷಿ ಮರೆತರು. ತಾವು ಒಂದು ಚಣ ತಡ ಮಾಡಿದರೆ ಕೂಗೋದು ಯಾರು ಅಂತ ಅವರಿಗೆ ಗೊತ್ತಿತ್ತು.

ಸುಂಕಪ್ಪ ಸತ್ತಾಗ ಗುಂಡಿಯೊಳಗೆ ಇಳಿದವನು ಈರಣ್ಣ. ಮೇಲಿನವರು ಹೆಣವನ್ನು ಕೈಯಿಂದ ಕೈಗೆ ಇಳಿಸಿದರು. ಈರಣ್ಣ ಎರಡೂ ತೋಳೊಡ್ಡಿ ತಗೊಂಡ. ಆದರೂ ಯಾರೂ ಕೈ ಬಿಡಲಿಲ್ಲ, ಕಾದರು. ಈರಣ್ಣ ಆ ಜೋಡಿಸಿದ ಮುಂಗೈ ನೋಡುತ್ತಾ ನಿಂತ. ಬಹಳ ಹೊತ್ತಿನ ಮೇಲೆ "ನಂದು" ಅಂದ. ಆಮೇಲೆ ಬಿಟ್ಟರು.

ಇವತ್ತಿಗೂ ಒಣಗಲ್ಲಿನಲ್ಲಿ ಕೂಸನ್ನಾಗಲಿ, ಕುದಿಯೋ ಪಾತ್ರೆಯನ್ನಾಗಲಿ ಒಬ್ಬರಿಂದ ಒಬ್ಬರು ತಗೊಳ್ಳುವಾಗ ನಂದು ಅಂತಾರೆ. ಹೆಣ ಇಳಿಸುವಾಗಲೂ ಗುಂಡಿಯೊಳಗಿನವನು ಅಂತಾನೆ. ಅವನು ಅನ್ನೋತನಕ ಮೇಲಿನವರು ಬಿಡೋದಿಲ್ಲ, ಎಷ್ಟು ಹೊತ್ತಾದರೂ.